ಪುಸ್ತಕ ನೋಡದೆ ಪಿಯಾನೊ ನುಡಿಸುವವರ ತಲೆಯಲ್ಲಿ ಕ್ಯಾಮೆರಾ ಇರುತ್ತದೆಯೇ?

ಒಂದು ಹಳೆಯ ವಿಡಿಯೊ ಹಲವು ವರ್ಷಗಳಿಂದ ಫೇಸ್‌ಬುಕ್, ವಾಟ್ಸ್ಯಾಪ್‌ಗಳಲ್ಲಿ ಸುತ್ತುತ್ತಲೇ ಇದೆ. ನಿಮಗೂ ಬಂದಿರಬಹುದು. ಆಮ್‌ಸ್ಟರ್‌ಡ್ಯಾಮ್‌ನ ಕನ್ಸರ್ಟ್‌ಖೆಬೌ ಸಭಾಂಗಣ. ಸಾರ್ವಜನಿಕರಿಗೆ ತೆರೆದಿದ್ದ ಮಧ್ಯಾಹ್ನದ ಕಛೇರಿ. ಪಿಯಾನೊ ಮುಂದೆ ಪೋರ್ಚುಗಲ್‌ನ ಮರಿಯಾ ಜುವಾವ್ ಪಿರೇಷ್, ಆರ್ಕೆಸ್ಟ್ರಾ ನಡೆಸುತ್ತಿರುವವರು ಇಟಲಿಯ ರಿಕಾರ್ಡೊ ಷಾಯಿ. ವಾದ್ಯವೃಂದ ಶುರು ಮಾಡುತ್ತದೆ. ಪಿರೇಷ್ ಮುಖ ಬಿಳಿಚಿಕೊಳ್ಳುತ್ತದೆ. ಅವರು ತಯಾರಾಗಿ ಬಂದಿದ್ದು ಮೊಜಾರ್ಟನ ಬೇರೊಂದು ಕಾನ್‌ಚೆರ್ಟೊಗೆ. ಆರ್ಕೆಸ್ಟ್ರಾ ಶುರು ಮಾಡಿದ್ದು ಡಿ ಮೈನರ್ ಶ್ರುತಿಯ 20ನೇ ಕಾನ್‌ಚೆರ್ಟೊ.

ಮುಂದಿನದು ಗೊತ್ತೇ ಇದೆ. ಅವರು ತಲೆ ಹಿಡಿದುಕೊಳ್ಳುತ್ತಾರೆ, ಷಾಯಿಗೆ ವಿಷಯ ಹೇಳುತ್ತಾರೆ. ಷಾಯಿ ಕೈ ಬೀಸುವುದನ್ನು ನಿಲ್ಲಿಸದೆ, ನಗುತ್ತಲೇ ಧೈರ್ಯ ತುಂಬುತ್ತಾರೆ. ಪಿಯಾನೊ ಪ್ರವೇಶದ ಹೊತ್ತಿಗೆ ಪಿರೇಷ್ ತಲೆ ತಗ್ಗಿಸಿ ನುಡಿಸಲು ತೊಡಗುತ್ತಾರೆ. ಇಡೀ ಕೃತಿಯನ್ನು ನೆನಪಿನಿಂದಲೇ ಮುಗಿಸುತ್ತಾರೆ.

ವಿಡಿಯೊ ನಿಜ, ಘಟನೆಯೂ ನಿಜ. ಆದರೆ ಅದರ ಜೊತೆ ಬರುವ ಒಕ್ಕಣೆಯಲ್ಲಿ ತೊಂದರೆ ಇದೆ. "ಇವರದು ಫೋಟೊಗ್ರಾಫಿಕ್ ಮೆಮೊರಿ", "ಇಂಥವರು ಹುಟ್ಟುವಾಗಲೇ ಹೀಗೆ", "ಕೈಗಳೇ ನೆನಪಿಟ್ಟುಕೊಳ್ಳುತ್ತವೆ", ಈ ಮೂರರಲ್ಲಿ ಒಂದಾದರೂ ಇದ್ದೇ ಇರುತ್ತದೆ. ಮೂರೂ ಸರಿಯಲ್ಲ. ಸಂಗೀತ ಕಲಿಯುವ ಎಷ್ಟೋ ಮಕ್ಕಳು ಒಮ್ಮೆ ವೇದಿಕೆಯಲ್ಲಿ ಮರೆತು ನಿಂತ ಮೇಲೆ "ನನಗೆ ಆ ಶಕ್ತಿ ಇಲ್ಲ" ಎಂದು ಕಲಿಕೆಯನ್ನೇ ಬಿಡುತ್ತಾರೆ. ಹಾಗಾಗಿ ಇದನ್ನು ಸ್ವಲ್ಪ ನಿಧಾನವಾಗಿ ನೋಡೋಣ.

ಕಷ್ಟ ಎಷ್ಟು?

ಪಾಶ್ಚಾತ್ಯ ಶಾಸ್ತ್ರೀಯ ಸಂಗೀತದಲ್ಲಿ ಒಬ್ಬರೇ ಪಿಯಾನೊ ನುಡಿಸುವ ಕಛೇರಿಗೆ ರಿಸೈಟಲ್ ಎನ್ನುತ್ತಾರೆ. ಸಾಮಾನ್ಯವಾಗಿ ಒಂದೂವರೆ, ಎರಡು ಗಂಟೆ. ಪಕ್ಕವಾದ್ಯ ಇಲ್ಲ, ಮುಂದೆ ಪುಸ್ತಕವೂ ಇಲ್ಲ. 88 ಕೀಗಳ ಮೇಲೆ ಹತ್ತು ಬೆರಳು. ಬಾಖ್‌ನ ಗೋಲ್ಡ್‌ಬರ್ಗ್ ವೇರಿಯೇಷನ್ಸ್‌ನಲ್ಲಿ ಒಂದು ಮೂಲ ರಾಗ, ಅದರ 30 ರೂಪಾಂತರಗಳು, ಕೊನೆಗೆ ಮತ್ತೆ ಅದೇ ರಾಗ. ಪುನರಾವರ್ತನೆಗಳನ್ನೆಲ್ಲ ನುಡಿಸಿದರೆ ಅದೊಂದೇ ಕೃತಿ ಒಂದು ಗಂಟೆ ದಾಟುತ್ತದೆ. ಬೆಥೋವನ್ ಬರೆದ 32 ಪಿಯಾನೊ ಸೊನಾಟಾಗಳನ್ನು ಒಂದು ಸರಣಿಯಾಗಿ ನುಡಿಸುವವರೂ ಇದ್ದಾರೆ. ಆರ್ಟುರ್ ಷ್ನಾಬೆಲ್ 1927ರಲ್ಲಿ ಬರ್ಲಿನ್‌ನಲ್ಲಿ ಇದನ್ನು ಮಾಡಿದ್ದರು.

ನಮ್ಮ ಕಛೇರಿಗಳನ್ನು ಕೇಳಿ ಬೆಳೆದವರಿಗೆ "ನಮ್ಮವರೂ ಪುಸ್ತಕ ನೋಡುವುದಿಲ್ಲವಲ್ಲ, ಇದರಲ್ಲೇನು ವಿಶೇಷ" ಎನಿಸಬಹುದು. ನ್ಯಾಯವಾದ ಪ್ರಶ್ನೆ. ಕರ್ನಾಟಕ ಸಂಗೀತದಲ್ಲಿ ಕೃತಿ ಕಂಠಪಾಠ ಇರಬೇಕು, ಆದರೆ ಆಲಾಪನೆ, ನೆರವಲ್, ಕಲ್ಪನಾಸ್ವರಗಳಲ್ಲಿ ಹಾಡುವವರೇ ಅಲ್ಲಲ್ಲೇ ಕಟ್ಟುತ್ತಾರೆ. ಒಂದು ಸಂಗತಿ ಬಿಟ್ಟುಹೋದರೆ ಹಾಡು ನಿಲ್ಲುವುದಿಲ್ಲ. ಎಷ್ಟೋ ಸಲ ಕೇಳುವವರಿಗೆ ತಿಳಿಯುವುದೂ ಇಲ್ಲ. ಪಿಯಾನೊ ಕೃತಿಯಲ್ಲಿ ಎಡಗೈಯ ಮೂರನೇ ಬೆರಳಿನ ಸ್ವರವೂ ಬರೆದಿಟ್ಟದ್ದೇ. ಮೈಸೂರಿನ ಜಯಚಾಮರಾಜ ಒಡೆಯರ್ ಈ ಎರಡೂ ಲೋಕ ಬಲ್ಲವರಾಗಿದ್ದರು. ಪಿಯಾನೊ ಕಲಿತಿದ್ದರು, ಕರ್ನಾಟಕ ಸಂಗೀತದಲ್ಲಿ 94 ಕೃತಿಗಳನ್ನೂ ರಚಿಸಿದರು. ರಷ್ಯಾದ ಪಿಯಾನೊ ವಾದಕ, ಸಂಯೋಜಕ ನಿಕೊಲಾಯ್ ಮೆಟ್ನರ್ ಅವರ ಕೃತಿಗಳ ಧ್ವನಿಮುದ್ರಣಕ್ಕೆ ಹಣ ಕೊಟ್ಟವರೂ ಅವರೇ. ಮೆಟ್ನರ್ ತಮ್ಮ ಮೂರನೇ ಪಿಯಾನೊ ಕಾನ್‌ಚೆರ್ಟೊವನ್ನು ಒಡೆಯರ್ ಅವರಿಗೆ ಅರ್ಪಿಸಿದ್ದಾರೆ.

ಫೋಟೊ ತೆಗೆದಂತೆ ನೆನಪು?

ಒಮ್ಮೆ ನೋಡಿದ ಪುಟವನ್ನು ಅಚ್ಚಿನಂತೆ ಮನಸ್ಸಿನಲ್ಲಿ ಉಳಿಸಿಕೊಂಡು, ಬೇಕಾದಾಗ ಓದುವ ಶಕ್ತಿ ದೊಡ್ಡವರಲ್ಲಿ ಯಾರಿಗಾದರೂ ಇದೆ ಎನ್ನಲು ನಂಬಬಹುದಾದ ಪುರಾವೆ ಸಿಕ್ಕಿಲ್ಲ. ಪುಟದ ಚಿತ್ರ ನೆನಪಿಗೆ ನೆರವಾಗಬಹುದು, ಅದು ಬೇರೆ ಮಾತು. ಆರ್ಥರ್ ರೂಬಿನ್‌ಸ್ಟೈನ್ ತಾವು ನುಡಿಸುವಾಗ ಮನಸ್ಸಿನಲ್ಲೇ ಹಾಳೆ ತಿರುವುತ್ತೇನೆ, ಯಾವ ಮೂಲೆಯಲ್ಲಿ ಕಾಫಿ ಕಲೆ ಇದೆ ಎಂಬುದೂ ಕಾಣುತ್ತದೆ ಎನ್ನುತ್ತಿದ್ದರು. ಆದರೆ ಆ ಪುಟಗಳನ್ನು ಅವರು ಒಮ್ಮೆ ನೋಡಿ ಬಿಟ್ಟವರಲ್ಲ. ಅವುಗಳ ಮುಂದೆ ಕಾಫಿ ಚೆಲ್ಲುವಷ್ಟು ಹೊತ್ತು ಕೂತವರು.

ಪರಿಣತರ ನೆನಪು ಹೇಗೆ ಕೆಲಸ ಮಾಡುತ್ತದೆ ಎಂಬುದಕ್ಕೆ ಒಳ್ಳೆಯ ಸುಳಿವು ಸಿಕ್ಕಿದ್ದು ಚದುರಂಗದಿಂದ. 1973ರಲ್ಲಿ ವಿಲಿಯಂ ಚೇಸ್ ಮತ್ತು ಹರ್ಬರ್ಟ್ ಸೈಮನ್ ಎಂಬ ಸಂಶೋಧಕರು ಒಂದು ಪ್ರಯೋಗ ಪ್ರಕಟಿಸಿದರು. ನಿಜವಾದ ಆಟವೊಂದರ ನಡುವಿನ ಚದುರಂಗ ಮಣೆಯನ್ನು ಐದು ಸೆಕೆಂಡ್ ತೋರಿಸಿದರೆ ಪರಿಣತರು ಹೊಸಬರಿಗಿಂತ ಎಷ್ಟೋ ಹೆಚ್ಚು ಕಾಯಿಗಳನ್ನು ಸರಿಯಾಗಿ ಇಡುತ್ತಿದ್ದರು. ಅದೇ ಕಾಯಿಗಳನ್ನು ಮಣೆಯ ಮೇಲೆ ಸಿಕ್ಕಸಿಕ್ಕಂತೆ ಚೆಲ್ಲಿ ತೋರಿಸಿದಾಗ ಆ ವ್ಯತ್ಯಾಸ ಹೆಚ್ಚುಕಡಿಮೆ ಮಾಯವಾಯಿತು. ಕ್ಯಾಮೆರಾ ಇದ್ದಿದ್ದರೆ ಎರಡೂ ಒಂದೇ ರೀತಿ ಅಚ್ಚಾಗಬೇಕಿತ್ತು. ಪರಿಣತರು ನೆನಪಿಡುತ್ತಿದ್ದುದು ಒಂದೊಂದು ಕಾಯಿಯನ್ನಲ್ಲ, ತಮಗೆ ಅರ್ಥವಾಗುವ ಗುಂಪುಗಳನ್ನು.

ಪಿಯಾನೊದಲ್ಲೂ ಹೀಗೆಯೇ. ಹೊಸದಾಗಿ ಕಲಿಯುವ ಮಗುವಿಗೆ ಹದಿನೈದು ಸ್ವರಗಳ ಏರಿಕೆ ಎಂದರೆ ಹದಿನೈದು ಸಂಗತಿ. ಕಲಿತವರಿಗೆ ಅದು ಒಂದೇ: "ಡಿ ಮೈನರ್ ಸ್ಕೇಲ್, ಎರಡು ಸ್ಥಾಯಿ, ಮೇಲಕ್ಕೆ". ಕನ್ನಡ ಬಾರದವರಿಗೆ ಒಂದು ಸಾಲು ಕನ್ನಡ ಬಾಯಿಪಾಠ ಮಾಡಿಸಿ ನೋಡಿ. ಅವರಿಗೆ ಅದು ಸದ್ದುಗಳ ರಾಶಿ, ನಮಗೆ ನಾಲ್ಕು ಪದ.

ಕೈಗಳು ನೆನಪಿಡುತ್ತವೆಯೇ?

ಈ ನಂಬಿಕೆಯಲ್ಲಿ ಅರ್ಧ ನಿಜ ಇದೆ, ಅಪಾಯವೂ ಅಲ್ಲೇ ಇದೆ. ಎಟಿಎಂ ಪಿನ್ ಕೇಳಿದರೆ ಬಾಯಿಗೆ ಬಾರದೆ, ಯಂತ್ರದ ಮುಂದೆ ನಿಂತಾಗ ಬೆರಳು ತಾನೇ ಒತ್ತುವ ಅನುಭವ ನಮ್ಮಲ್ಲಿ ಹಲವರಿಗಿದೆ. ಇದನ್ನು ಜನ ಮಸಲ್ ಮೆಮೊರಿ ಎನ್ನುತ್ತಾರೆ. ಸ್ನಾಯುಗಳಲ್ಲಿ ಈ ನೆನಪು ಇರುವುದಿಲ್ಲ, ಇರುವುದು ಮೆದುಳಿನಲ್ಲೇ. ಆದರೆ ನಿನ್ನೆ ಏನು ತಿಂದೆವು ಎಂಬುದನ್ನು ನೆನಪಿಡುವ ವ್ಯವಸ್ಥೆ ಬೇರೆ, ಸೈಕಲ್ ತುಳಿಯುವುದನ್ನು ನೆನಪಿಡುವ ವ್ಯವಸ್ಥೆ ಬೇರೆ.

ಇದು ಬರೀ ಸಿದ್ಧಾಂತವಲ್ಲ. ಬ್ರಿಟನ್‌ನ ಸಂಗೀತಜ್ಞ ಕ್ಲೈವ್ ವೇರಿಂಗ್ ಅವರ ಮೆದುಳಿಗೆ 1985ರಲ್ಲಿ ಹರ್ಪೀಸ್ ವೈರಸ್ ಸೋಂಕು ತಗುಲಿತು. ಹೊಸ ನೆನಪು ಕಟ್ಟಿಕೊಡುವ ಹಿಪೊಕ್ಯಾಂಪಸ್ ಭಾಗ ಹಾಳಾಯಿತು. ಆಮೇಲೆ ಅವರ ನೆನಪು ಕೆಲವೇ ಸೆಕೆಂಡುಗಳಷ್ಟು. ಆಗ ತಾನೇ ನಿದ್ದೆಯಿಂದ ಎದ್ದೆ ಎಂದು ದಿನಚರಿಯಲ್ಲಿ ಬರೆಯುವುದು, ಸ್ವಲ್ಪ ಹೊತ್ತಿಗೆ ಅದನ್ನು ಹೊಡೆದುಹಾಕಿ ಮತ್ತೆ ಅದನ್ನೇ ಬರೆಯುವುದು. ಅಷ್ಟಾದರೂ ಸ್ವರಲಿಪಿ ಮುಂದಿಟ್ಟರೆ ಪಿಯಾನೊ ನುಡಿಸುತ್ತಿದ್ದರು, ಗಾಯಕರ ತಂಡವನ್ನು ನಡೆಸಬಲ್ಲವರಾಗಿದ್ದರು. ಕೌಶಲದ ನೆನಪಿಗೆ ಏಟು ಬಿದ್ದಿರಲಿಲ್ಲ.

ವೇಗವೂ ಇದನ್ನೇ ಹೇಳುತ್ತದೆ. ನರವಿಜ್ಞಾನಿ ಕಾರ್ಲ್ ಲ್ಯಾಶ್ಲಿ 1951ರ ಒಂದು ಪ್ರಸಿದ್ಧ ಪ್ರಬಂಧದಲ್ಲಿ, ಸಂಗೀತಗಾರರ ಬೆರಳುಗಳು ಸೆಕೆಂಡಿಗೆ ಹದಿನಾರು ಏಟುಗಳವರೆಗೆ ಹೋಗಬಲ್ಲವು ಎಂದು ತೋರಿಸಿದ್ದರು. ಒಂದು ಸ್ವರ ಕೇಳಿ, "ಸರಿ, ಈಗ ಮುಂದಿನದು" ಎಂದು ಮೆದುಳು ತೀರ್ಮಾನಿಸಿ, ಬೆರಳಿಗೆ ಆದೇಶ ಹೋಗುವಷ್ಟು ಸಮಯ ಅಲ್ಲಿಲ್ಲ. ಹಾಗಾಗಿ ಒಂದಿಡೀ ಗುಚ್ಛ ಮೊದಲೇ ಸಿದ್ಧವಾಗಿರಬೇಕು.

ಈಗ ಅಪಾಯಕ್ಕೆ ಬರೋಣ. ಶಾಲೆಯಲ್ಲಿ ಮಗ್ಗಿ ಒಪ್ಪಿಸಿದ್ದು ನೆನಪಿದೆಯಲ್ಲ? ಸರಾಗವಾಗಿ ಹೇಳುವವರನ್ನು ತಡೆದು "ಹದಿಮೂರು ಎಂಟಲೆ?" ಎಂದರೆ ಹದಿಮೂರು ಒಂದಲೆಯಿಂದ ಗುನುಗಿಕೊಂಡು ಬರಬೇಕು. ಬೆರಳಿನ ಅಭ್ಯಾಸದ ನೆನಪು ಹೀಗೆಯೇ ಸರಪಳಿ. ಪ್ರತಿ ಕೊಂಡಿಯೂ ಹಿಂದಿನ ಕೊಂಡಿಯಿಂದಲೇ ಎಳೆದುಬರಬೇಕು. ಒಂದು ಕೆಮ್ಮು, ಒಂದು ಮೊಬೈಲ್ ರಿಂಗ್, ಜಾರಿದ ಒಂದು ಬೆರಳು ಸಾಕು, ಕೊಂಡಿ ಕಳಚುತ್ತದೆ. ಮನೆಯಲ್ಲಾದರೆ ಮೊದಲಿನಿಂದ ಶುರು ಮಾಡಬಹುದು. ಸಾವಿರ ಜನರ ಮುಂದೆ ಆಗುವುದಿಲ್ಲ. ಬೆರಳಿನ ಕೆಲಸವನ್ನು ಬೆರಳಿಗೆ ಬಿಡದೆ, "ಈಗ ನಾಲ್ಕನೇ ಬೆರಳು ತಾನೇ?" ಎಂದು ನಡುವೆ ಯೋಚಿಸಿದರೂ ಇದೇ ಗತಿ. ಮೆಟ್ಟಿಲು ಇಳಿಯುವಾಗ ಕಾಲನ್ನೇ ನೋಡುತ್ತ ಇಳಿದರೆ ಎಡವಿದಂತೆ. ಹೆದರಿಕೆಯಾದಾಗ ನಾವೆಲ್ಲ ಮಾಡುವುದು ಅದನ್ನೇ.

ದಾರಿಯ ಊರುಗಳು

ಹಾಗಾದರೆ ವೃತ್ತಿಪರರು ಏನು ಮಾಡುತ್ತಾರೆ? ಇದಕ್ಕೆ ನಾವು ಓದಿದ್ದರಲ್ಲಿ ಅತ್ಯಂತ ತೃಪ್ತಿ ಕೊಟ್ಟ ಉತ್ತರ ಮನಶ್ಶಾಸ್ತ್ರಜ್ಞ ರೋಜರ್ ಚಾಫಿನ್ ಮತ್ತು ಪಿಯಾನೊ ವಾದಕಿ ಗೇಬ್ರಿಯೆಲಾ ಇಮ್ರೆ ಅವರ ಅಧ್ಯಯನ. ಇಮ್ರೆ ಬಾಖ್‌ನ ಇಟಾಲಿಯನ್ ಕಾನ್‌ಚೆರ್ಟೊದ ಮೂರನೇ ಭಾಗವನ್ನು ಹೊಸದಾಗಿ ಕಲಿಯುತ್ತ, ಅಭ್ಯಾಸವನ್ನು ವಿಡಿಯೊ ಮಾಡಿದರು. ಆ ಭಾಗ ನಾಲ್ಕು ನಿಮಿಷದೊಳಗೆ ಮುಗಿಯುವಂಥದ್ದು. ಅದಕ್ಕೆ ಹಿಡಿದ ಅಭ್ಯಾಸ ಹಲವು ತಿಂಗಳುಗಳಲ್ಲಿ ಹರಡಿದ ಮೂವತ್ತಕ್ಕೂ ಹೆಚ್ಚು ಗಂಟೆ. "ಹುಟ್ಟುವಾಗಲೇ ಹೀಗೆ" ಎನ್ನುವವರಿಗೆ ಈ ಒಂದು ಲೆಕ್ಕ ಸಾಕು ಎನಿಸುತ್ತದೆ.

ವಿಡಿಯೊಗಳಲ್ಲಿ ಕಂಡದ್ದು ಇದು. ಅವರು ಕೃತಿಯನ್ನು ಮೊದಲಿನಿಂದ ಕೊನೆಯವರೆಗೆ ಮತ್ತೆ ಮತ್ತೆ ನುಡಿಸುತ್ತಿರಲಿಲ್ಲ. ಅದರ ರಚನೆಯಂತೆ ಭಾಗಗಳಾಗಿ ಒಡೆದು, ಭಾಗದ ಆರಂಭದಿಂದ ಶುರು ಮಾಡಿ, ನಿಲ್ಲಿಸಿ, ಮತ್ತೆ ಅಲ್ಲಿಂದಲೇ ಶುರು ಮಾಡುತ್ತಿದ್ದರು. ನುಡಿಸುವಾಗ ಮನಸ್ಸಿಗೆ ತಂದುಕೊಳ್ಳಬೇಕಾದ ಗುರುತುಗಳನ್ನೂ ಅಭ್ಯಾಸ ಮಾಡುತ್ತಿದ್ದರು: ಇಲ್ಲಿ ಬೆರಳು ಬದಲು, ಇಲ್ಲಿ ದನಿ ತಗ್ಗಬೇಕು, ಇಲ್ಲಿ ಭಾವ ಹೊರಳುತ್ತದೆ. ಎಲ್ಲಕ್ಕಿಂತ ಗಮನ ಬೇಡುವುದು ಕವಲುಗಳು. ಒಂದೇ ಸಾಲು ಎರಡು ಮೂರು ಕಡೆ ಬರುತ್ತದೆ, ಪ್ರತಿ ಸಲ ಬೇರೆ ದಾರಿ ಹಿಡಿಯುತ್ತದೆ. ಅಲ್ಲಿ ಗಮನ ತಪ್ಪಿದರೆ ಮೊದಲ ಪುಟಕ್ಕೆ ವಾಪಸು.

ಎರಡು ವರ್ಷಕ್ಕೂ ಹೆಚ್ಚು ಕಾಲ ಕಳೆದ ಮೇಲೆ ಇಮ್ರೆ ಅದರ ಸ್ವರಲಿಪಿಯನ್ನು ನೆನಪಿನಿಂದ ಬರೆಯಲು ಕೂತರು. ಭಾಗಗಳ ಆರಂಭ ಚೆನ್ನಾಗಿ ನೆನಪಿತ್ತು; ಒಳಗೆ ಹೋದಂತೆ ನೆನಪು ತೆಳುವಾಗುತ್ತಿತ್ತು. ಅಂದರೆ ಆರಂಭಗಳೇ ಬಾಗಿಲುಗಳು. ಒಬ್ಬರ ಮೇಲೆ ನಡೆದ ಅಧ್ಯಯನವನ್ನು ಎಲ್ಲರಿಗೂ ಅನ್ವಯಿಸಬಾರದು, ನಿಜ. ಮುಂದೆ ಚೆಲೊ ವಾದಕಿಯೊಬ್ಬರ ಜೊತೆ ನಡೆದ ಕೆಲಸದಲ್ಲೂ ಇಂಥದೇ ಚಿತ್ರ ಕಂಡಿತು.

ಬೆಂಗಳೂರಿನಿಂದ ಮೈಸೂರಿಗೆ ಹೋಗುವಾಗ ನಿದ್ದೆ ಹೋಗಿ ಎದ್ದರೂ ಮದ್ದೂರು ಕಂಡರೆ ಎಲ್ಲಿದ್ದೇವೆ, ಮುಂದೆ ಮಂಡ್ಯ ಎಂದು ತಿಳಿಯುತ್ತದೆ. (ಎಕ್ಸ್‌ಪ್ರೆಸ್‌ವೇಯಲ್ಲಿ ಊರುಗಳೇ ಕಾಣುವುದಿಲ್ಲ, ಹಳೆಯ ರಸ್ತೆ ಎಂದುಕೊಳ್ಳಿ.) ರಸ್ತೆಯ ಪ್ರತಿ ಕಲ್ಲೂ ನೆನಪಿರಬೇಕಿಲ್ಲ, ಊರುಗಳ ಸಾಲು ಗೊತ್ತಿದ್ದರೆ ಸಾಕು. ಪಿಯಾನೊ ವಾದಕರಲ್ಲಿ ಒಂದು ಊರಿನಿಂದ ಇನ್ನೊಂದಕ್ಕೆ ಕರೆದೊಯ್ಯುವುದು ಬೆರಳು. ಯಾವ ಊರಿನಲ್ಲಿದ್ದೇವೆ ಎಂದು ನೋಡಿಕೊಳ್ಳುವುದು ಮನಸ್ಸು. ಕಿವಿಯೂ ಜೊತೆಗಿರುತ್ತದೆ, ಮುಂದಿನ ಸ್ವರ ಹೇಗೆ ಕೇಳಿಸಬೇಕು ಎಂಬುದು ಅದಕ್ಕೆ ಮೊದಲೇ ಗೊತ್ತು. ಒಂದು ಎಳೆ ಹರಿದರೆ ಉಳಿದವು ಹಿಡಿದುಕೊಳ್ಳುತ್ತವೆ.

ಈಗ ಆಮ್‌ಸ್ಟರ್‌ಡ್ಯಾಮ್‌ಗೆ ಮರಳೋಣ. ಆ ಕಾನ್‌ಚೆರ್ಟೊದಲ್ಲಿ ಪಿಯಾನೊ ಬರುವ ಮುನ್ನ ಆರ್ಕೆಸ್ಟ್ರಾ ಒಂದೇ ಸುಮಾರು ಎರಡೂವರೆ ನಿಮಿಷ ನುಡಿಸುತ್ತದೆ. ಪಿರೇಷ್‌ಗೆ ಸಿಕ್ಕ ಸಮಯ ಅಷ್ಟೇ. ಮೊಜಾರ್ಟ್ ಇಲ್ಲಿ ಇನ್ನೊಂದು ಕೆಲಸ ಮಾಡಿಟ್ಟಿದ್ದಾನೆ: ಪಿಯಾನೊ ಪ್ರವೇಶದ ಸಾಲು ಆರ್ಕೆಸ್ಟ್ರಾ ಆವರೆಗೆ ನುಡಿಸಿದ್ದರಲ್ಲಿ ಎಲ್ಲೂ ಇಲ್ಲ, ಪೂರ್ತಿ ಹೊಸದು. ಕೇಳಿಸಿಕೊಂಡು ನಕಲು ಮಾಡಲು ಬರುವುದಿಲ್ಲ. ಆದರೆ ಆ ಎರಡೂವರೆ ನಿಮಿಷ ಶ್ರುತಿ, ನಡೆ, ಭಾವ ಎಲ್ಲವನ್ನೂ ಕಿವಿಗೆ ತುಂಬುತ್ತಿತ್ತು. ಆ ಕೃತಿಯ ಬಾಗಿಲನ್ನು ತಟ್ಟುತ್ತಿತ್ತು. ಎಲ್ಲಕ್ಕಿಂತ ಮುಖ್ಯ, ಹಿಂದಿನ ಋತುವಿನಲ್ಲೇ ಅವರು ಅದನ್ನು ನುಡಿಸಿದ್ದರು. ಷಾಯಿ ನಗುತ್ತ ನೆನಪಿಸಿದ್ದು ಇದನ್ನೇ. ಸಂವಹನ ಓದಿದ ನಮಗೆ ಇದು ಕುತೂಹಲದ ವಿಷಯ: ಹಂಚುವಾಗ ಒಕ್ಕಣೆಯಿಂದ ಬಿಟ್ಟುಹೋಗುವುದು ಬಹುಪಾಲು ಈ ಒಂದೇ ವಾಕ್ಯ. ವಿವರಣೆ ಇರುವುದೂ ಆ ಒಂದೇ ವಾಕ್ಯದಲ್ಲಿ. ಇದರಿಂದ ಪಿರೇಷ್ ಸಾಧನೆ ಚಿಕ್ಕದಾಗುವುದಿಲ್ಲ. ಆ ಗಾಬರಿಯಲ್ಲೂ ಬೆರಳನ್ನು ಅದರ ಪಾಡಿಗೆ ಬಿಡುವುದು ಯಾರಿಗೂ ಸುಲಭವಲ್ಲ.

ಈ ನಿಯಮ ಮಾಡಿದವರು ಯಾರು?

ಪುಸ್ತಕ ನೋಡದೆ ನುಡಿಸಬೇಕು ಎಂಬುದು ಪ್ರಾಚೀನ ಸಂಪ್ರದಾಯವೇನೂ ಅಲ್ಲ. 1837ರಲ್ಲಿ ಹದಿಹರೆಯದ ಕ್ಲಾರಾ ವೀಕ್ ಬರ್ಲಿನ್‌ನಲ್ಲಿ ಬೆಥೋವನ್‌ನ ಅಪಾಸಿಯೊನಾಟಾ ಸೊನಾಟಾವನ್ನು ಸ್ವರಲಿಪಿ ಇಲ್ಲದೆ ನುಡಿಸಿದಾಗ ಮೆಚ್ಚಿದವರೂ ಇದ್ದರು, ಮೂಗು ಮುರಿದವರೂ ಇದ್ದರು. ಲೇಖಕಿ ಬೆಟ್ಟಿನಾ ಫಾನ್ ಆರ್ನಿಮ್ ಅವರಿಗೆ ಅದು ಹುಡುಗಿಯ ಜಂಬದಂತೆ ಕಂಡಿತು. ಆ ಕಾಲದಲ್ಲಿ ಪುಸ್ತಕ ಮುಂದಿಟ್ಟುಕೊಳ್ಳುವುದೇ ಸಂಯೋಜಕರಿಗೆ ತೋರುವ ವಿನಯ. ಫ್ರಾಂಜ್ ಲಿಸ್ಟ್ ಇದನ್ನು ಪ್ರದರ್ಶನದ ಭಾಗವನ್ನಾಗಿಸಿದ. 1840ರಲ್ಲಿ ಲಂಡನ್‌ನ ತನ್ನ ಕಛೇರಿಗೆ ರಿಸೈಟಲ್ಸ್ ಎಂದು ಹೆಸರಿಟ್ಟ. ರಿಸೈಟ್ ಎಂದರೆ ವಾಚನ ಮಾಡುವುದು. ಪಿಯಾನೊ ಮೇಲೆ ವಾಚನವೇ ಎಂದು ಜನ ಬೆರಗಾದರು. ಅಲ್ಲಿಂದ ಮುಂದಿನ ಕೆಲವು ದಶಕಗಳಲ್ಲಿ ರೂಢಿ ನಿಯಮವಾಯಿತು.

ಅದರ ಭಾರ ಹೊತ್ತವರಲ್ಲಿ ಕ್ಲಾರಾ ಕೂಡ ಒಬ್ಬರು. ಮದುವೆಯ ನಂತರ ಕ್ಲಾರಾ ಶೂಮನ್ ಆದ ಅವರು ವಯಸ್ಸಾಗುತ್ತ ಬಂದಂತೆ ವೇದಿಕೆಯಲ್ಲಿ ಮರೆಯುವ ಭಯದಿಂದ ನರಳಿದರು. ಬ್ರಿಟನ್ನಿನ ಮೈರಾ ಹೆಸ್ ತಮ್ಮ ಹಿರಿಯ ವಯಸ್ಸಿನಲ್ಲಿ ಪುಸ್ತಕ ಇಟ್ಟುಕೊಂಡೇ ನುಡಿಸಿದರು. 20ನೇ ಶತಮಾನದ ಅತಿ ದೊಡ್ಡ ಪಿಯಾನೊ ವಾದಕರಲ್ಲಿ ಒಬ್ಬರಾದ ಸ್ವ್ಯಾತೊಸ್ಲಾವ್ ರಿಖ್ಟರ್ ಕೂಡ ಕೊನೆಯ ವರ್ಷಗಳಲ್ಲಿ ಸ್ವರಲಿಪಿ ನೋಡಿಯೇ ನುಡಿಸುತ್ತಿದ್ದರು: ಸಭಾಂಗಣ ಪೂರ್ತಿ ಕತ್ತಲು, ಪುಟದ ಮೇಲೆ ಒಂದು ಚಿಕ್ಕ ದೀಪ. ಅವರ ಸಂಗೀತ ಅದರಿಂದ ಕೆಟ್ಟಿತು ಎಂದವರಿಲ್ಲ. ಇಂದು ಫ್ರಾನ್ಸ್‌ನ ಅಲೆಕ್ಸಾಂಡ್ರ್ ತರೋ ಕೂಡ ಪುಸ್ತಕ ಇಟ್ಟುಕೊಳ್ಳುತ್ತಾರೆ. ಕಾಲಿನಲ್ಲಿ ಒತ್ತಿದರೆ ಪುಟ ತಿರುಗುವ ಟ್ಯಾಬ್ಲೆಟ್‌ಗಳೂ ಬಂದಿವೆ.

ಮಾತ್ರೆ ನುಂಗಿದರೆ ಮರೆವು ಹೋಗುತ್ತದೆಯೇ?

ವೇದಿಕೆಯ ಭಯಕ್ಕೆ ಕೆಲವರು ಪ್ರೊಪ್ರನೊಲಾಲ್ ಎಂಬ ಮಾತ್ರೆ ತೆಗೆದುಕೊಳ್ಳುತ್ತಾರೆ. ಇದು ಸಂಗೀತಗಾರರ ನಡುವೆ ಗುಟ್ಟೇನಲ್ಲ. ಜೇಮ್ಸ್ ಬ್ಲ್ಯಾಕ್ ಹೃದ್ರೋಗಕ್ಕೆಂದು ರೂಪಿಸಿದ ಬೀಟಾ ಬ್ಲಾಕರ್ ಇದು. ಅವರಿಗೆ 1988ರಲ್ಲಿ ನೊಬೆಲ್ ಬಂತು. ಅಡ್ರಿನಲಿನ್‌ನ ಪರಿಣಾಮವನ್ನು ತಡೆದು ಎದೆಬಡಿತವನ್ನೂ ಕೈನಡುಕವನ್ನೂ ತಗ್ಗಿಸುತ್ತದೆ. ನೆನಪನ್ನು ಹೆಚ್ಚಿಸುವುದಿಲ್ಲ, ಕಲಿಯದ ಪುಟವನ್ನು ಕಲಿಸುವುದಿಲ್ಲ. ಅಸ್ತಮಾ ಇರುವವರಿಗೆ ಇದು ಅಪಾಯಕಾರಿ, ನಾಡಿಬಡಿತ ಮೊದಲೇ ನಿಧಾನ ಇರುವವರಿಗೂ ಕೂಡ. ಗೆಳೆಯರು ಕೊಟ್ಟರೆಂದು, ಪರೀಕ್ಷೆಯ ದಿನ ಮಗುವಿಗೆ ಒಳ್ಳೆಯದೆಂದು ವೈದ್ಯರನ್ನು ಕೇಳದೆ ಎಂದೂ ಕೊಡಬೇಡಿ.

ವೇದಿಕೆಯಲ್ಲಿ ಒಂದು ಸಾಲು ಮರೆಯುವುದು ಮರೆವಿನ ಕಾಯಿಲೆಯ ಲಕ್ಷಣವೂ ಅಲ್ಲ. ಆ ಕೃತಿ ಗೊತ್ತಿದ್ದೂ ಆ ಕ್ಷಣಕ್ಕೆ ಕೈಗೆ ಸಿಗದೆ ಹೋದದ್ದು, ಪರಿಚಿತರ ಹೆಸರು ನಾಲಿಗೆ ತುದಿಯಲ್ಲಿ ನಿಂತಂತೆ. ದಿನದಿನದ ಕೆಲಸಗಳೇ ತಪ್ಪುತ್ತಿದ್ದರೆ, ತಿಳಿದ ದಾರಿಯೇ ಗೊಂದಲವಾಗುತ್ತಿದ್ದರೆ ಮಾತು ಬೇರೆ. ಆಗ ವೈದ್ಯರನ್ನು ಕಾಣಬೇಕು.

ನಿಮ್ಮ ಮನೆಯಲ್ಲಿ ಕೀಬೋರ್ಡ್ ಅಥವಾ ಪಿಯಾನೊ ಕಲಿಯುವ ಮಕ್ಕಳಿದ್ದರೆ ಒಂದು ಸಂಗತಿ ತಿಳಿದಿರಲಿ. ಇಲ್ಲಿನ ಬಹುಪಾಲು ಮಕ್ಕಳು ಕೂರುವ ಲಂಡನ್ನಿನ ಟ್ರಿನಿಟಿ ಮತ್ತು ಎಬಿಆರ್‌ಎಸ್‌ಎಂ ಗ್ರೇಡ್ ಪರೀಕ್ಷೆಗಳಲ್ಲಿ ಕೃತಿಗಳನ್ನು ಪುಸ್ತಕ ನೋಡಿಕೊಂಡೇ ನುಡಿಸಬಹುದು. ನೋಡದೆ ನುಡಿಸುವ ಆಸೆ ಮಗುವಿಗೇ ಇದ್ದರೆ, ಮೊದಲಿನಿಂದ ಹತ್ತು ಸಲ ನುಡಿಸು ಎನ್ನಬೇಡಿ. ಕೃತಿಯ ಪುಟದಲ್ಲಿ ನಾಲ್ಕೈದು ಕಡೆ ಪೆನ್ಸಿಲ್‌ನಿಂದ ಗುರುತು ಹಾಕಿಸಿ, ಪುಸ್ತಕ ಮುಚ್ಚಿ, "ಮೂರನೇ ಗುರುತಿನಿಂದ ಶುರು ಮಾಡು" ಎನ್ನಿ. ಆಮೇಲೆ ಐದನೆಯದು, ಆಮೇಲೆ ಎರಡನೆಯದು. ಮೊದಲ ದಿನ ತಡವರಿಸುತ್ತದೆ. ಆ ರಾತ್ರಿ ಹೊತ್ತಿಗೆ ಸರಿಯಾಗಿ ಮಲಗಿಸಿ. ನಿದ್ದೆಯಲ್ಲೂ ಬೆರಳಿನ ಕಲಿಕೆ ಗಟ್ಟಿಯಾಗುತ್ತದೆ. ವಾರ ಕಳೆದ ಮೇಲೆ, ಮಗು ನುಡಿಸುತ್ತಿರುವಾಗ ಬೇಕೆಂದೇ ಒಮ್ಮೆ ಕುಕ್ಕರ್ ಕೂಗಿಸಿ ನೋಡಿ.